ಕೊಳ್ಳೇಗಾಲದ ತಕ್ಕಡಿಯಲ್ಲಿ ಅಮೆರಿಕದ ಡಾಲರು

ವಾಚಕರ ಮುಂದೆ ಮೊದಲಿಗೇ ಒಂದು ಲೆಕ್ಕವನ್ನಿಡುತ್ತೇನೆ. ಅಮೆರಿಕ ದೇಶದ ಹಳೆಯ ಬೆಳ್ಳಿಯ ಡಾಲರು ಒಂದಕ್ಕೆ ನಮ್ಮ ಹಳೆಯ ಬೆಳ್ಳಿಯ ರೂಪಾಯಿ ಎಷ್ಟಾದರೆ ಸರಿಸಮ? ಬ್ಯಾಂಕಿನ ವಿನಿಮಯ ದರವನ್ನು ನೆನೆದು ಎಂಬತ್ತು ತೊಂಬತ್ತೆಂದು ಉತ್ತರ ಹೇಳಬೇಡಿ. ಇದು ಕಾಗದದ ಹಣದ ಮಾತಲ್ಲ, ಬೆಳ್ಳಿಯ ಮಾತು. ಸರಿಯಾದ ಉತ್ತರ ಎರಡೂಕಾಲು. ಎರಡು ರೂಪಾಯಿ, ಅವುಗಳ ಜೊತೆಗೆ ನಾಲ್ಕಾಣೆಯ ಒಂದು ಪಾವಲಿ. ಈ ಲೆಕ್ಕವನ್ನು ನಾನು ಬಹುಕಾಲದ ಹಿಂದೆಯೇ ಓದಿ ತಿಳಿದಿದ್ದೆ. ಆದರೆ ಅದನ್ನು ಕಣ್ಣಾರೆ ಕಂಡದ್ದು ಕೊಳ್ಳೇಗಾಲದ ಪೇಟೆಯ ಒಂದು ಚಿಕ್ಕ ಚಿನಿವಾರಿ ಅಂಗಡಿಯಲ್ಲಿ. ಕಾಣಿಸಿದವಳು ಹನೂರಿನ ಕಡೆಯ ಒಬ್ಬ ಮುದುಕಿ.

ಡಾಲರು ನನ್ನ ಕೈಗೆ ಬಂದ ಬಗೆಯನ್ನು ಹೇಳಬೇಕು. ನನ್ನ ಸೋದರಳಿಯ ಹಲವು ವರ್ಷಗಳಿಂದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದಾನೆ. ನನಗಿರುವ ನಾಣ್ಯಗಳ ಹುಚ್ಚನ್ನು ಅವನು ಬಲ್ಲ. ಈಚೆಗೆ ಊರಿಗೆ ಬಂದಾಗ ಜೇಬಿನಿಂದ ದಪ್ಪನೆಯ ಬೆಳ್ಳಿಯ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿಯ ತಲೆ, ಮುಡಿಯಲ್ಲಿ ಗೋಧಿಯ ತೆನೆ, ಹತ್ತಿಯ ಕಾಯಿ. ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು, ಅದರ ಕಾಲುಗಳಲ್ಲಿ ಬಾಣಗಳು ಮತ್ತು ಆಲಿವ್ ಮರದ ರೆಂಬೆ. ಇಸವಿ 1921. ಹದ್ದಿನ ಕೆಳಗೆ ಸ್ಯಾನ್‌ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತಾದ ‘ಎಸ್’ ಎಂಬ ಪುಟ್ಟ ಅಕ್ಷರ. ಜಾರ್ಜ್ ಮಾರ್ಗನ್ ಎಂಬ ಶಿಲ್ಪಿ ಅಚ್ಚನ್ನು ಕೊರೆದುದರಿಂದ ಸಂಗ್ರಾಹಕರು ಇದನ್ನು ಮಾರ್ಗನ್ ಡಾಲರು ಎಂದು ಕರೆಯುವುದು ವಾಡಿಕೆ.

“ಮಾವ, ಇದಕ್ಕೆ ಬದಲಾಗಿ ನನಗೆ ನಮ್ಮ ಕಡೆಯ ಹಳೆಯ ರೂಪಾಯಿ ಒಂದನ್ನು ಕೊಡಿ. ಅಲ್ಲಿ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ” ಎಂದ. ಆಗಲೆಂದು ಒಪ್ಪಿಕೊಂಡೆ. ಡಾಲರಿನ ನಿಜವಾದ ತೂಕವನ್ನು ನೋಡಿಸಲು ಪರಿಚಯದ ಚಿನಿವಾರರ ಅಂಗಡಿಗೆ ಹೋದೆ.

ಸಂಚಿಯೊಳಗಿನ ರೂಪಾಯಿ

ಅಂಗಡಿಯಲ್ಲಿ ನನಗಿಂತ ಮುಂಚೆ ಒಬ್ಬ ವೃದ್ಧೆ ಬಂದು ಕುಳಿತಿದ್ದಳು. ವಯಸ್ಸು ಎಂಬತ್ತರ ಆಸುಪಾಸು. ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ, ಅದರೊಳಗಿನ ಬಟ್ಟೆಯ ಗಂಟನ್ನು ಬಿಚ್ಚಿ, ಗಾಜಿನ ಹಲಗೆಯ ಮೇಲೆ ಬೆಳ್ಳಿಯ ರೂಪಾಯಿಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಒಟ್ಟು ಇಪ್ಪತ್ತಮೂರು ರೂಪಾಯಿ, ನಾಲ್ಕು ಪಾವಲಿ. ಮೊಮ್ಮಗಳು ನರ್ಸಿಂಗ್ ಓದುತ್ತಾಳೆ, ಫೀಸಿಗೆ ಹಣ ಸಾಲದು, ಇವನ್ನು ಕರಗಿಸಿಕೊಂಡು ಬೆಳ್ಳಿಯ ಬೆಲೆ ಕೊಡಬೇಕೆಂದು ಆಕೆಯ ಕೋರಿಕೆ.

“ಇವು ಎಲ್ಲಿಯವು ಅವ್ವಾ?” ಎಂದು ಕೇಳಿದೆ.

“ನಮ್ಮತ್ತೆಯವು ಕನಪ್ಪ. ಅವ್ರ ತವ್ರು ಯಳಂದೂರು ಸೀಮೆ. ತೆರ ಕೊಟ್ಟು ಮದ್ವೆ ಮಾಡ್ಕಂಡು ಬಂದ್ರಂತೆ. ತೆರದ ದುಡ್ಡು ತಿಂದ್ರ ದಕ್ಕಲ್ಲ ಅಂತ ಅವ್ರಪ್ಪ ಅದ ಮಗಳ ಮಡ್ಲಿಗೇ ಕಟ್ಟಿ ಕಳುಸ್ಬುಟ್ಟ. ಅಂದಿಂದ ಹೆಣ್ಮಕ್ಕಳ ಕೈಲೇ ಅದ.”

ಕನ್ಯೆಗೆಂದು ವರನ ಕಡೆಯವರು ತೆತ್ತ ಹಣ, ಕನ್ಯೆಯ ಮಡಿಲಿನಲ್ಲಿಯೇ ಹಿಂದಿರುಗಿ, ಅತ್ತೆಯಿಂದ ಸೊಸೆಗೆ ಬಂದು, ಈಗ ಮೊಮ್ಮಗಳ ವಿದ್ಯೆಗೆ ವಿನಿಯೋಗವಾಗಲು ಹೊರಟಿತ್ತು. ಬೆಳ್ಳಿಗೆ ಇದಕ್ಕಿಂತ ಒಳ್ಳೆಯ ಸದ್ವಿನಿಯೋಗವುಂಟೆ? ಆದರೂ ಕರಗಿಸುವ ಮಾತು ಕಿವಿಗೆ ಬಿದ್ದೊಡನೆ ನಾಣ್ಯ ಕೂಡಿಸುವವನ ಎದೆ ಒಮ್ಮೆ ಝಗ್ಗೆನ್ನದಿರದು. ಆಕೆಯ ಅಪ್ಪಣೆ ಪಡೆದು ಒಂದೊಂದನ್ನೇ ತಿರುವಿ ಇಸವಿಗಳನ್ನು ಓದತೊಡಗಿದೆ. ವಿಕ್ಟೋರಿಯಾ ರಾಣಿಯವು ಏಳು, ಏಳನೆಯ ಎಡ್ವರ್ಡನವು ಐದು, ಉಳಿದ ಹನ್ನೊಂದು ಐದನೆಯ ಜಾರ್ಜ್ ದೊರೆಯವು. ಈ ಕಡೆಯ ಗುಂಪಿನಲ್ಲಿ 1918 ಮತ್ತು 1919ರವೇ ಹೆಚ್ಚು. ಅವನ್ನು ಕಂಡಾಗ ನನ್ನ ಜೇಬಿನಲ್ಲಿದ್ದ ಡಾಲರು ತಾನೇ ತಾನಾಗಿ ನೆನಪಿಗೆ ಬಂದಿತು.

ಅಂಗಡಿಯ ಯಜಮಾನರು ಡಾಲರನ್ನು ವಿದ್ಯುತ್ ತಕ್ಕಡಿಯ ಮೇಲಿಟ್ಟರು. 26.7 ಗ್ರಾಮು. ಅಲ್ಲಿಗೆ ಸುಮ್ಮನಾಗದೆ, ತಂದೆಯ ಕಾಲದ ಚಿಕ್ಕ ಹಿತ್ತಾಳೆಯ ತಕ್ಕಡಿಯನ್ನು ಬೀರುವಿನಿಂದ ತೆಗೆಯುವಂತೆ ಬೇಡಿಕೊಂಡೆ. ಒಂದು ತಟ್ಟೆಯಲ್ಲಿ ಡಾಲರು. ಇನ್ನೊಂದು ತಟ್ಟೆಯಲ್ಲಿ ಮುದುಕಮ್ಮನ 1918ರದೊಂದು, 1919ರದೊಂದು ರೂಪಾಯಿ, ಮೇಲೊಂದು ಪಾವಲಿ. ಮುಳ್ಳು ಕೊಂಚ ತೂಗಾಡಿ ನಡುವಿಗೆ ಹತ್ತಿರ ಬಂದು, ಡಾಲರಿನ ಕಡೆಗೆ ಒಂದು ಎಳೆಯಷ್ಟು ವಾಲಿ ನಿಂತಿತು.

“ಡಾಲರೇ ಭಾರ ಸ್ವಾಮಿ” ಎಂದರು ಯಜಮಾನರು.

ಭಾರವೇನೋ ನಿಜ, ಬೆಳ್ಳಿ ಮಾತ್ರ ಎರಡೂ ಕಡೆ ಒಂದೇ. ಹೇಗೆಂದರೆ, ಡಾಲರಿನಲ್ಲಿ ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ನಮ್ಮ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಹಳೆಯ ಗ್ರೇನ್ ಲೆಕ್ಕದಲ್ಲಿ ಡಾಲರಿನ ಒಟ್ಟು ತೂಕ 412.5, ಅದರಲ್ಲಿ ಅಪ್ಪಟ ಬೆಳ್ಳಿ 371.25. ರೂಪಾಯಿಯ ತೂಕ 180; ಅಪ್ಪಟ ಬೆಳ್ಳಿ 165. ನೂರಅರವತ್ತೈದನ್ನು ಎರಡೂಕಾಲರಿಂದ ಗುಣಿಸಿದರೆ 371.25, ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಾಲರಿನ ಕಡೆಗೆ ವಾಲಿದುದು ಅದರ ಹೆಚ್ಚಿನ ತಾಮ್ರ. ಜೊತೆಗೆ ನಮ್ಮ ರೂಪಾಯಿಗಳ ನೂರು ವರ್ಷದ ಸವೆತ.

ಮೂರು ಊರು, ಎರಡು ಸೀಮೆ, ಒಂದು ರೂಪಾಯಿ

ಎರಡು ದೇಶಗಳ ನಾಣ್ಯಗಳು ಒಂದೇ ತಕ್ಕಡಿಯಲ್ಲಿ ಕೂಡಿದುದು ಕಾಕತಾಳೀಯವೆಂದು ತೋರಬಹುದು. ಅದರ ಹಿಂದೆ ಒಂದು ನೈಜ ಚರಿತ್ರೆಯಿದೆ. ಅದನ್ನು ಹೇಳುವ ಮೊದಲು ಈ ಸೀಮೆಯ ಹಣದ ಕಥೆಯನ್ನು ಎರಡು ಮಾತಿನಲ್ಲಿ ತಿಳಿಸುವುದು ಅಗತ್ಯ.

ಕೊಳ್ಳೇಗಾಲ, ಹನೂರು, ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಹಿಂದೆ ಹೀಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಗಿ, ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಅದರೊಳಗಿನ ಊರು. ಯಳಂದೂರು ಮೈಸೂರು ರಾಜ್ಯದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಎರಡು ಸರ್ಕಾರ. ಈ ಕಡೆ ಆರ್ಕಾಟು ರೂಪಾಯಿ. ಆ ಕಡೆ ಮುಮ್ಮಡಿ ಕೃಷ್ಣರಾಜ ಒಡೆಯರ ರೂಪಾಯಿ. ಇದರ ಮೇಲೆ ಎರಡು ಕಡೆಯೂ ಟಿಪ್ಪುವಿನ ಕಾಲದ ಇಮಾಮಿ ರೂಪಾಯಿಗಳ ಉಳಿಕೆ ಬೇರೆ. ಸಂತೆಗೆ ಬಂದವನಿಗೆ ಚಿನಿವಾರನ ನೆರವಿಲ್ಲದೆ ಚಿಲ್ಲರೆ ಸಿಗುತ್ತಿರಲಿಲ್ಲವೆಂದರೆ ಆಶ್ಚರ್ಯವಿಲ್ಲ.

1835ರಲ್ಲಿ ಕಂಪೆನಿಯವರು ತಮ್ಮ ಆಡಳಿತದ ಸೀಮೆಗಳಿಗೆಲ್ಲ 180 ಗ್ರೇನ್ ತೂಕದ ಒಂದೇ ರೂಪಾಯಿಯನ್ನು ವಿಧಿಸಿದರು. 1843ರಲ್ಲಿ ಮೈಸೂರು ಸರ್ಕಾರದ ಟಂಕಸಾಲೆಯೂ ಮುಚ್ಚಿತು. ಅಲ್ಲಿಂದ ಮುಂದೆ ಗಡಿಯ ಎರಡು ಕಡೆಗೂ ಒಂದೇ ರೂಪಾಯಿ. ಅದರ ತೂಕ ಸರಿಯಾಗಿ ಒಂದು ತೊಲ. ಅಕ್ಕಸಾಲಿಗನಿಗೆ ಅದೇ ತೂಕದ ಬೊಟ್ಟು, ಪಂಡಿತನಿಗೆ ಅದೇ ಔಷಧದ ಅಳತೆ; ಇಪ್ಪತ್ತನಾಲ್ಕು ರೂಪಾಯಿಯ ತೂಕಕ್ಕೆ ಒಂದು ಕಚ್ಚಾ ಸೇರು. ಹನೂರಿನ ಕಡೆಯಿಂದ ಹೊರಟ ತೆರ ಯಳಂದೂರನ್ನು ಮುಟ್ಟಿ ಮಡಿಲಿನಲ್ಲಿ ಹಿಂದಿರುಗುವಾಗ ಎರಡು ಸಲ ಗಡಿ ದಾಟಿತು. ಎರಡು ಸಲವೂ ಯಾರೂ ಅದನ್ನು ಬೇರೆ ಹಣವೆಂದು ತಡೆಯಲಿಲ್ಲ.

ಬೆಳ್ಳಿಗೆ ಬಂದ ಬರ

ಇನ್ನು 1918ರ ಮಾತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಭಾರತದಿಂದ ಗೋಧಿ, ಸೆಣಬು, ಚರ್ಮ ಮೊದಲಾದುವನ್ನು ಅಪಾರವಾಗಿ ಕೊಂಡರು. ಮೆಸೊಪೊಟೇಮಿಯದ ಸೈನ್ಯದ ವೆಚ್ಚವೂ ಇಲ್ಲಿನ ರೂಪಾಯಿಯಲ್ಲಿ ಸಲ್ಲಬೇಕಾಗಿತ್ತು. ನಮ್ಮ ರೈತನಾದರೋ ಕಾಗದವನ್ನು ನಂಬುವವನಲ್ಲ. ಬೆಳ್ಳಿಯನ್ನು ಕಲ್ಲಿನ ಮೇಲೆ ತಟ್ಟಿ ಸದ್ದು ಕೇಳಿ ಗಂಟು ಕಟ್ಟಿ ನೆಲದಲ್ಲಿ ಹೂಳುವವನು. ಬೆಳ್ಳಿಯನ್ನು ಉಳಿಸಲೆಂದು ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಮರು ವರ್ಷ ಎರಡೂವರೆ ರೂಪಾಯಿಯ ವಿಚಿತ್ರವಾದ ನೋಟೂ ಬಂದಿತು. ಎರಡಾಣೆ, ನಾಲ್ಕಾಣೆ, ಎಂಟಾಣೆಗಳನ್ನು ನಿಕ್ಕಲ್ ಬೆರೆತ ತಾಮ್ರದಲ್ಲಿ ಮಾಡಿದರು. ಯಾವುದೂ ಸಾಲದಾಯಿತು. ನೋಟಿಗೆ ಬೆಳ್ಳಿ ಕೊಡುವೆವೆಂದು ಮಾತು ಕೊಟ್ಟಿದ್ದ ಸರ್ಕಾರದ ಭಂಡಾರದಲ್ಲಿ 1918ರ ಜೂನ್ ತಿಂಗಳ ಮೊದಲ ವಾರಕ್ಕೆ ಸುಮಾರು 4 ಕೋಟಿ ಬೆಳ್ಳಿಯ ರೂಪಾಯಿ ಮಾತ್ರ ಉಳಿದಿತ್ತು. ನೋಟು ಬದಲಾಯಿಸಲು ಜನ ಮುಗಿಬೀಳುತ್ತಿದ್ದ ದಿನಗಳು ಅವು. ಇನ್ನು ಕೆಲವು ವಾರ ಹೀಗೆಯೇ ನಡೆದಿದ್ದರೆ ಕೊಟ್ಟ ಮಾತು ತಪ್ಪುವುದು ನಿಶ್ಚಯವಾಗಿತ್ತು.

ಆಗ ಬ್ರಿಟಿಷರು ಕೈ ಚಾಚಿದುದು ಅಮೆರಿಕದ ಕಡೆಗೆ. ಅಲ್ಲಿನ ಸರ್ಕಾರದ ಖಜಾನೆಯಲ್ಲಿ ಕೋಟಿಗಟ್ಟಲೆ ಬೆಳ್ಳಿಯ ಡಾಲರುಗಳು ಚೀಲಗಳಲ್ಲಿ ನಿದ್ರಿಸುತ್ತಿದ್ದುವು. ಅಲ್ಲಿಯ ಜನ ನೋಟನ್ನೇ ಜೇಬಿನಲ್ಲಿಟ್ಟು ಭಾರವಾದ ಡಾಲರನ್ನು ಖಜಾನೆಗೇ ಬಿಟ್ಟಿದ್ದರು. ನೆವಾಡ ಸಂಸ್ಥಾನದ ಸೆನೆಟರ್ ಕೀ ಪಿಟ್‌ಮನ್ ಎಂಬವರ ಹೆಸರಿನ ಕಾಯಿದೆ 1918ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಅದರ ಬಲದಿಂದ ಒಟ್ಟು 27,02,32,722 ಡಾಲರುಗಳನ್ನು ಮೂಸೆಗೆ ಹಾಕಿ ಕರಗಿಸಿದರು. ಅವುಗಳಲ್ಲಿ 25,91,21,554 ಡಾಲರುಗಳ ಬೆಳ್ಳಿ ಭಾರತದ ನಾಣ್ಯಕ್ಕೆಂದು ಬ್ರಿಟಿಷರಿಗೆ ಮಾರಾಟವಾಯಿತು. ಸುಮಾರು 20 ಕೋಟಿ ಔನ್ಸು ಬೆಳ್ಳಿ ಗಟ್ಟಿಗಳಾಗಿ ಹಡಗೇರಿತು. ಎರಡೂಕಾಲರ ಲೆಕ್ಕದಲ್ಲಿ ಗುಣಿಸಿ ನೋಡಿ. 58 ಕೋಟಿಗೂ ಮಿಕ್ಕ ರೂಪಾಯಿಗಳಿಗೆ ಸಾಕಾಗುವ ಲೋಹ!

ಕಲ್ಕತ್ತ ಮತ್ತು ಬೊಂಬಾಯಿಯ ಟಂಕಸಾಲೆಗಳು ಬಿಡುವಿಲ್ಲದೆ ದುಡಿದುವು. 1918ರಲ್ಲಿ 40 ಕೋಟಿಗೂ ಮೀರಿ, 1919ರಲ್ಲಿ ಮತ್ತೆ 40 ಕೋಟಿಗೂ ಮೀರಿ ರೂಪಾಯಿಗಳು ಅಚ್ಚಾದುವು. ಬೊಂಬಾಯಿಯವಕ್ಕೆ ಹಿಂಬದಿಯ ಕೆಳ ಅಂಚಿನ ಹೂವಿನ ಕೆಳಗೆ ಸಾಸಿವೆಯಷ್ಟು ಚಿಕ್ಕದೊಂದು ಚುಕ್ಕೆಯ ಗುರುತು, ಕಲ್ಕತ್ತದವಕ್ಕೆ ಗುರುತಿಲ್ಲ. ಕರಗಿ ಬೆರೆತ ಲೋಹಕ್ಕೆ ಜನ್ಮಪತ್ರಿಕೆ ಇರುವುದಿಲ್ಲವಾದ್ದರಿಂದ, ಯಾವ ಒಂದು ರೂಪಾಯಿಯನ್ನೂ ಬೆರಳಿಟ್ಟು ತೋರಿಸಿ ಇದು ಡಾಲರಿನ ಬೆಳ್ಳಿಯೆಂದು ಹೇಳಲಾಗದು. 1918ರ ಮೊದಲ ತಿಂಗಳುಗಳ ರೂಪಾಯಿಗಳು ಅಮೆರಿಕದ ಬೆಳ್ಳಿ ಬರುವುದಕ್ಕೆ ಮುಂಚಿನವು. ಆದರೆ 1919ರದು ನಿಮ್ಮ ಕೈಗೆ ಬಂದರೆ, ಅದರೊಳಗೆ ಮಾರ್ಗನ್ ಡಾಲರಿನ ಬೆಳ್ಳಿ ಇರುವ ಸಂಭವ ಬಲವಾಗಿಯೇ ಇದೆ.

ಕರಗಿದುದಕ್ಕೆ ಬದಲಾಗಿ ಹುಟ್ಟಿದುದು

ನನ್ನ ಸೋದರಳಿಯ ತಂದ 1921ರ ಡಾಲರಿಗೂ ಈ ಕಥೆಗೂ ನೇರವಾದ ಸಂಬಂಧವಿದೆ. ಕರಗಿಸಿದಷ್ಟು ಡಾಲರುಗಳನ್ನು ಅಮೆರಿಕದ ಗಣಿಗಳ ಬೆಳ್ಳಿಯನ್ನೇ ಕೊಂಡು ಮತ್ತೆ ಅಚ್ಚು ಹಾಕಬೇಕೆಂದು ಪಿಟ್‌ಮನ್ ಕಾಯಿದೆಯಲ್ಲಿಯೇ ಷರತ್ತಿತ್ತು. 1904ರಿಂದ ನಿಂತುಹೋಗಿದ್ದ ಮಾರ್ಗನ್ ಡಾಲರು ಆ ಕಾರಣದಿಂದ 1921ರಲ್ಲಿ ಮತ್ತೆ ಹುಟ್ಟಿತು. ಒಂದೇ ವರ್ಷದಲ್ಲಿ 8 ಕೋಟಿ 60 ಲಕ್ಷಕ್ಕೂ ಹೆಚ್ಚು ಅಚ್ಚಾದುವು. ಅದೇ ವರ್ಷದ ಕೊನೆಯಲ್ಲಿ ಆಂಟನಿ ಡಿ ಫ್ರಾನ್ಚಿಶಿ ಎಂಬ ಶಿಲ್ಪಿಯ ‘ಶಾಂತಿ ಡಾಲರು’ ಅದರ ಸ್ಥಾನವನ್ನು ಪಡೆಯಿತು. ಎಂದರೆ, ಭಾರತಕ್ಕೆ ಬಂದು ರೂಪಾಯಿಯಾದ ಅಣ್ಣಂದಿರ ಜಾಗಕ್ಕೆ ಹುಟ್ಟಿದ ತಮ್ಮ ಈ 1921ರದು. ತಮ್ಮ ನೂರು ವರ್ಷಗಳ ಮೇಲೆ ಕೊಳ್ಳೇಗಾಲಕ್ಕೆ ಬಂದು ಅಣ್ಣನನ್ನು ತಕ್ಕಡಿಯಲ್ಲಿ ಕಂಡಂತಾಯಿತು!

ಆ ಕರಗಿಸುವಿಕೆಯಲ್ಲಿ ಒಂದು ಲೋಪ ನಡೆಯಿತು. ಯಾವ ಇಸವಿಯ, ಯಾವ ಟಂಕಸಾಲೆಯ ಡಾಲರುಗಳು ಎಷ್ಟೆಷ್ಟು ಮೂಸೆಗೆ ಹೋದುವೆಂಬುದನ್ನು ಯಾರೂ ಬರೆದಿಡಲಿಲ್ಲ. ಎಣಿಕೆಯನ್ನು ಮಾತ್ರ ಒಂದೂ ತಪ್ಪದಂತೆ ಮಾಡಿದರು. ಇಂದು ಡಾಲರು ಸಂಗ್ರಹಿಸುವವರು ಟಂಕಸಾಲೆಯ ಹಳೆಯ ಲೆಕ್ಕವನ್ನು ಮಾತ್ರ ನಂಬುವಂತಿಲ್ಲ. ಲಕ್ಷಗಟ್ಟಲೆ ಅಚ್ಚಾದ ವರ್ಷದ್ದು ಕೈಗೆ ಸಿಗುವುದು ದುರ್ಲಭ. ಬೇರೊಂದು ವರ್ಷದ್ದು ಹೇರಳ. ಉಳಿದುದನ್ನು ನೋಡಿ ಅಳಿದುದನ್ನು ಊಹಿಸಬೇಕು.

ಬೆಳ್ಳಿಯ ಋಣ ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಬರ ಬಂದಿತು. ನಮ್ಮ ಅಪ್ಪಟ ಬೆಳ್ಳಿಯ ರೂಪಾಯಿ 1939ಕ್ಕೆ ಕೊನೆಗೊಂಡು, 1940ರಿಂದ ಅರ್ಧ ಮಾತ್ರ ಬೆಳ್ಳಿಯುಳ್ಳ ರೂಪಾಯಿ ಬಂದಿತು. ರಾಣಿಯ, ಎಡ್ವರ್ಡನ, ಜಾರ್ಜನ ಹಳೆಯ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆದರು. ಈ ಸಲ ಅಮೆರಿಕ ಬೆಳ್ಳಿಯನ್ನು ಮಾರಲಿಲ್ಲ, ಸಾಲ ಕೊಟ್ಟಿತು. ಸುಮಾರು 22 ಕೋಟಿ 60 ಲಕ್ಷ ಔನ್ಸು. ಔನ್ಸಿಗೆ ಔನ್ಸಿನಂತೆ ಬೆಳ್ಳಿಯನ್ನೇ ಹಿಂದಿರುಗಿಸಬೇಕೆಂಬುದು ಕರಾರು. ಆ ವೇಳೆಗೆ ದೇಶ ಇಬ್ಭಾಗವಾಗಿ, ಭಾರತ ಪಾಕಿಸ್ತಾನಗಳು ಸಾಲವನ್ನು ಹಂಚಿಕೊಂಡುವು. ನಮ್ಮ ಸರ್ಕಾರ ಹಿಂದಕ್ಕೆ ಪಡೆದ ಅರೆಬೆಳ್ಳಿಯ ನಾಣ್ಯಗಳಿಂದ ಬೆಳ್ಳಿಯನ್ನು ಬೇರ್ಪಡಿಸಲು ಕಲ್ಕತ್ತದಲ್ಲಿ ಶುದ್ಧೀಕರಣದ ಕಾರ್ಖಾನೆಯನ್ನು ಸ್ಥಾಪಿಸಿತು. 1957ರ ಹೊತ್ತಿಗೆ ಸಾಲದ ಬೆಳ್ಳಿ ಅಮೆರಿಕಕ್ಕೆ ಹಿಂದಿರುಗಿತು.

ಅದೇ ದಿನಗಳಲ್ಲಿ ಇಲ್ಲಿಯೂ ಕಾಲ ಬದಲಾಗುತ್ತಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳ ಮೇಲೆ, 1957ರ ಏಪ್ರಿಲ್ 1ರಂದು, ಆಣೆ ಪಾವಲಿಗಳು ಹೋಗಿ ನಯಾ ಪೈಸೆ ಬಂದಿತು. ಹನೂರಿಗೂ ಯಳಂದೂರಿಗೂ ನಡುವಿನ ಗಡಿ ಅಳಿಸಿತು. ಗಂಟಿನೊಳಗಿನ ಬೆಳ್ಳಿ ಮಾತ್ರ ಯಾರ ಕರೆಗೂ ಓಗೊಡದೆ ಹೆಣ್ಣುಮಕ್ಕಳ ಪೆಟ್ಟಿಗೆಗಳಲ್ಲಿ ತಣ್ಣಗೆ ಮಲಗಿತ್ತು.

ಕೂಡಿಸಬೇಕೆನ್ನುವವರಿಗೆ ನಾಲ್ಕು ಮಾತು

ಈಚೆಗೆ ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿರುವ ಮನೆಗಳು ನಮ್ಮ ಕಡೆಯೂ ಅನೇಕ. ಅವರು ಬರುವಾಗ ಹಳೆಯ ನಾಣ್ಯ ತರಿಸಿಕೊಳ್ಳುವ ಆಸೆಯುಳ್ಳವರು ಇಷ್ಟನ್ನು ತಿಳಿದಿದ್ದರೆ ಸಾಕು. ಮಾರ್ಗನ್ ಡಾಲರುಗಳು 1878ರಿಂದ 1904ರ ವರೆಗಿನವು ಮತ್ತು 1921ರವು. ಶಾಂತಿ ಡಾಲರುಗಳು 1921ರಿಂದ 1928ರ ವರೆಗಿನವು, ಮತ್ತೆ 1934, 1935ರವು. ‘ಎಸ್’ ಸ್ಯಾನ್‌ಫ್ರಾನ್ಸಿಸ್ಕೊ, ‘ಓ’ ನ್ಯೂ ಆರ್ಲಿಯನ್ಸ್, ‘ಡಿ’ ಡೆನ್ವರ್, ‘ಸಿ ಸಿ’ ಕಾರ್ಸನ್ ಸಿಟಿ. ಅಕ್ಷರವಿಲ್ಲದ ಮಾರ್ಗನ್ ಡಾಲರು ಫಿಲಡೆಲ್ಫಿಯದ್ದು. ಕಾರ್ಸನ್ ಸಿಟಿಯವಕ್ಕೆ ಬೆಲೆ ಹೆಚ್ಚು. ಡಾಲರೇ ಆಗಬೇಕೆಂದಿಲ್ಲ. 1964 ಮತ್ತು ಅದಕ್ಕೆ ಹಿಂದಿನ ಅರ್ಧ ಡಾಲರು, ಕಾಲು ಡಾಲರು, ಹತ್ತು ಸೆಂಟಿನ ಡೈಮುಗಳಲ್ಲಿಯೂ ನೂರಕ್ಕೆ 90 ಪಾಲು ಬೆಳ್ಳಿಯೇ. 1965ರಿಂದ ಈಚೆಗೆ ಚಲಾವಣೆಗೆ ಬಂದ ಕಾಲು ಡಾಲರಿನಲ್ಲಿ ಬೆಳ್ಳಿಯಿಲ್ಲ. ಅಂಚನ್ನು ನೋಡಿದರೆ ತಾಮ್ರದ ಕೆಂಪು ಗೆರೆ ಕಾಣುವುದು.

ನಕಲಿಗಳೂ ಬಹಳ. ಒಳ್ಳೆಯ ಡಾಲರು 26.73 ಗ್ರಾಮಿಗೆ ತೀರ ಸಮೀಪದಲ್ಲಿ ತೂಗಬೇಕು, ಅಡ್ಡಗಲ 38.1 ಮಿಲಿಮೀಟರ್ ಇರಬೇಕು, ಅಂಚಿನ ಗೀರುಗಳು ಸಮವಾಗಿರಬೇಕು, ಅಯಸ್ಕಾಂತಕ್ಕೆ ಅಂಟಲೇಬಾರದು. ನಮ್ಮ ರೂಪಾಯಿಗಳಿಗೂ ಇದೇ ಪರೀಕ್ಷೆ. ಅವುಗಳ ತೂಕ 11.66 ಗ್ರಾಮು.

ಮನೆಯಲ್ಲಿ ಸಿಕ್ಕಿದ ಹಳೆಯ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು ನಮ್ಮ ಹೆಂಗಸರ ಅಭ್ಯಾಸ. ದಯವಿಟ್ಟು ಅದನ್ನು ಬಿಡಿ. ನೂರು ವರ್ಷದಲ್ಲಿ ಕೂತ ಕಪ್ಪು ಬೆಳ್ಳಿಯ ಕವಚ. ಉಜ್ಜಿದರೆ ಕವಚದೊಡನೆ ಅಕ್ಷರಗಳೂ ಸವೆಯುತ್ತವೆ. ಸರಕ್ಕೆಂದು ಕೊಂಡಿ ಬೆಸೆಯುವುದೂ ಬೇಡ. ಹಿಡಿಯುವಾಗ ಅಂಚನ್ನು ಹಿಡಿಯಿರಿ. ಇಸವಿಯನ್ನು ಓದುವಾಗಲೂ ಎಚ್ಚರ ಬೇಕು: 1862 ಎಂದು ಬರೆದ ರಾಣಿಯ ರೂಪಾಯಿ ಆ ವರ್ಷದ್ದೇ ಆಗಿರಬೇಕಿಲ್ಲ, ಅದೇ ಇಸವಿಯನ್ನು ಮುದ್ರಿಸುತ್ತ 1874ರ ವರೆಗೂ ಅಚ್ಚು ಹಾಕಿದರು. 1911ರ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, ಅವುಗಳಲ್ಲಿ ಬಹುಪಾಲನ್ನು ಹಿಂದೆಗೆದುಕೊಂಡು ಕರಗಿಸಿದರು. ಅದು ನಿಮ್ಮಲ್ಲಿದ್ದರೆ ಜೋಪಾನ. 1939ರದು ಇನ್ನೂ ವಿರಳ.

ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುವೆವೆಂದು ದೂರವಾಣಿ ಮಾಡಿ, ಮೊದಲು ಶುಲ್ಕ ಕಟ್ಟಿರೆನ್ನುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. ಅಂಥವರಿಗೆ ಬಲಿಯಾಗಬೇಡಿ. ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆ ಸಿಕ್ಕರೆ ಅದು ನಿಧಿ ಕಾಯಿದೆಗೆ ಒಳಪಟ್ಟದ್ದು, ಸರ್ಕಾರಕ್ಕೆ ತಿಳಿಸತಕ್ಕದ್ದು. ಇನ್ನೊಂದು ಮುಖ್ಯ ವಿಷಯ: 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅದನ್ನು ನಾವು ನೀವು ದೇಶದ ಹೊರಗೆ ಕಳುಹಿಸುವಂತಿಲ್ಲ. ಇದನ್ನು ತಿಳಿಸಿದಾಗ ನನ್ನ ಸೋದರಳಿಯನ ಮುಖ ಸಪ್ಪಗಾಯಿತು. ಅಮೆರಿಕದ ಬೆಳ್ಳಿ ಇಲ್ಲಿ ನೂರು ವರ್ಷ ಬಾಳಿ ಭಾರತದ ಪುರಾವಸ್ತುವಾಗಿಬಿಟ್ಟಿತ್ತು. ಅವನ ಜೇಬಿನಲ್ಲಿ ತವರಿಗೆ ಮರಳುವ ಯೋಗ ಅದಕ್ಕಿರಲಿಲ್ಲ.

ಮೂಸೆಗೆ ಮುಂಚೆ

ಮತ್ತೆ ಅಂಗಡಿಗೆ ಬರೋಣ. ಡಾಲರು ಕರಗಿ ರೂಪಾಯಿಯಾದ ಕಥೆಯನ್ನು ಮುದುಕಮ್ಮನಿಗೆ ನನಗೆ ತಿಳಿದಂತೆ ಹೇಳಿದೆ. ಗಲ್ಲಕ್ಕೆ ಕೈಯಿಟ್ಟು ಕೇಳಿ, ಡಾಲರನ್ನೊಮ್ಮೆ ತನ್ನ ರೂಪಾಯಿಯನ್ನೊಮ್ಮೆ ನೋಡಿ ನಕ್ಕಳು.

“ಎಲ್ಲಿಂದಾರ ಬರ್ಲಿ ಕನಪ್ಪ. ನೂರು ವರ್ಸ ಬಾಳಿದ್ದು ನಮ್ಮನೇಲಿ ತಾನೆ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಇದ ಮಡಿಕಂಡ್ರ ಬೆಲೆ ಜಾಸ್ತಿ ಬಂದದ?” ಎಂದು ಕೇಳಿದಳು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕೋಟಿಗಟ್ಟಲೆ ಅಚ್ಚಾದ ರೂಪಾಯಿಗಳಿವು. ಸವೆದ ಸ್ಥಿತಿಯಲ್ಲಿ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚು ಯಾರೂ ಕೊಡಲಾರರೆಂದು ತಿಳಿಸಿದೆ. ಕಾಲೇಜಿನವರು ಇತಿಹಾಸಕ್ಕಾಗಿ ಕಾಯುವುದಿಲ್ಲ. ಫೀಸಿಗೆ ಗಡುವು ಇತ್ತು. ಆಕೆ ಬಹಳ ಹೊತ್ತು ಯೋಚಿಸಲಿಲ್ಲ. ರಾಶಿಯಿಂದ ಮೂರು ರೂಪಾಯಿಗಳನ್ನು ಬೇರೆ ಇಟ್ಟಳು: ರಾಣಿಯ 1862ರದೊಂದು, ತಕ್ಕಡಿಗೇರಿದ 1918 ಮತ್ತು 1919ರವು. “ಮೂರು ಜನ ಮೊಮ್ಮಕ್ಕಳು. ಒಬ್ಬೊಬ್ಬಳಿಗೆ ಒಂದೊಂದು. ಮಿಕ್ಕದ್ದ ತೂಗಪ್ಪ” ಎಂದು ಯಜಮಾನರಿಗೆ ಹೇಳಿದಳು.

“ಒಂದು ಗಳಿಗೆ ತಾಳಿ” ಎಂದು ಕೇಳಿಕೊಂಡು ನಾನು ಜೇಬಿನಿಂದ ಕಾಗದ ತೆಗೆದೆ. ಉಳಿದ ಇಪ್ಪತ್ತು ರೂಪಾಯಿ, ನಾಲ್ಕು ಪಾವಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಯಾವ ದೊರೆಯದು, ಯಾವ ಇಸವಿಯದು, ಚುಕ್ಕೆಯುಂಟೋ ಇಲ್ಲವೋ ಎಂಬುದನ್ನೆಲ್ಲ ಬರೆದುಕೊಂಡೆ. ಮೇಲ್ಗಡೆ ‘ಯಳಂದೂರಿನ ಮಗಳ ತೆರ, ಹನೂರಿನ ಸೊಸೆಯ ಗಂಟು’ ಎಂದು ಬರೆದೆ. ಇಪ್ಪತ್ತೇಳು ಕೋಟಿ ಡಾಲರುಗಳನ್ನು ಕರಗಿಸಿದಾಗ ಯಾರೂ ಮಾಡದೆ ಬಿಟ್ಟ ಕೆಲಸವದು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಚೀಟಿಯ ಒಂದು ಪ್ರತಿಯನ್ನು ಮಡಿಸಿ ಮುದುಕಮ್ಮನ ಕೈಗೆ ಕೊಟ್ಟೆ. ಆಕೆ ಅದನ್ನು ಮೂರು ರೂಪಾಯಿಗಳ ಜೊತೆಗೆ ಸಂಚಿಯೊಳಗಿಟ್ಟು ದಾರ ಎಳೆದು ಕಟ್ಟಿದಳು.

ಇಂದು ಬೆಳ್ಳಿಯ ಬೆಲೆ ಏರಿದಂತೆಲ್ಲ ಹಳ್ಳಿಹಳ್ಳಿಯ ಗಂಟುಗಳು ಬಿಚ್ಚುತ್ತಿವೆ. ಕಷ್ಟಕ್ಕೆ ಕೂಡಿಟ್ಟದ್ದು ಕಷ್ಟಕ್ಕೆ ಸಲ್ಲುವುದು ನ್ಯಾಯವೇ, ಬೇಡವೆನ್ನಲು ನಾವಾರು? ಆದರೆ ನಿಮ್ಮ ಮನೆಯ ಗಂಟನ್ನು ತಕ್ಕಡಿಗೆ ಹಾಕುವ ಮುನ್ನ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅದು ಯಾರ ಮದುವೆಯ ಹಣ, ಯಾವ ಬೆಳೆಯ ದುಡ್ಡು ಎಂದು ಕೇಳಿ, ಇಸವಿಗಳನ್ನು ಓದಿ ಒಂದು ಚೀಟಿಯಲ್ಲಿ ಬರೆದಿಡಿ; ಆಗುವುದಾದರೆ ಒಂದೇ ಒಂದು ರೂಪಾಯಿಯನ್ನು ಉಳಿಸಿಕೊಳ್ಳಿ. ಅದು 1919ರದಾಗಿದ್ದರೆ, ಏಳು ಸಮುದ್ರದಾಚೆಯ ನೆಂಟನೊಬ್ಬ ನಿಮ್ಮ ಪೆಟ್ಟಿಗೆಯಲ್ಲಿ ನೂರು ವರ್ಷಗಳಿಂದ ಸದ್ದಿಲ್ಲದೆ ಬಿಡಾರ ಮಾಡಿದ್ದಾನೆಂದು ತಿಳಿಯಿರಿ.